ಬೇರೆ ದೇಶದ ಶಾಲೆಯ ಜೊತೆ ಸೇರಿ ಪಾಠ ಮಾಡಬೇಕು ಅಂತಿದ್ದೇನೆ. ಎಲ್ಲಿಂದ ಶುರು ಮಾಡಲಿ?

ಜಗಳೂರು ವಿಜ್ಞಾನ ಟೀಚರ್

ಎಲ್ಲರಿಗೂ ನಮಸ್ಕಾರ. ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿ ನನ್ನವೇ. ಮಕ್ಕಳ ಮನೆಗಳಲ್ಲಿ ಮೆಕ್ಕೆಜೋಳ, ಶೇಂಗಾ, ನೀರಿದ್ದವರು ಒಂದಿಷ್ಟು ಈರುಳ್ಳಿ ಬೆಳೆಯುತ್ತಾರೆ. ಹೆಚ್ಚಿನವರದು ಮಳೆ ನಂಬಿಕೊಂಡ ಬೇಸಾಯ.

ಹೋದ ವರ್ಷ ಒಂದು ಸಂಸ್ಥೆಯವರು ಬಂದು ಹೊರದೇಶದ ಒಂದು ಶಾಲೆಯ ಜೊತೆ ವಿಡಿಯೋ ಕಾಲ್ ಮಾಡಿಸಿದರು. ಮಕ್ಕಳು ಯೂನಿಫಾರಂ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ನಮ್ಮವರು ಕೋಲಾಟ ಆಡಿದರು, ಆ ಕಡೆಯವರು ಒಂದು ಹಾಡು ಹೇಳಿದರು. ಇಂಗ್ಲಿಷ್ ಬರುವ ಇಬ್ಬರು ಮಾತಾಡಿದರು, ಉಳಿದವರು ಕೈ ಬೀಸಿದರು. ಫೋಟೋ ತೆಗೆದುಕೊಂಡರು. ಅಲ್ಲಿಗೆ ಮುಗಿಯಿತು.

ಆಮೇಲೆ ಒಂದು ದಿನ ಅಂತರ್ಜಲದ ವಿಷಯ ಮಾತಾಡುತ್ತಿದ್ದೆ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತಳು. "ಮಿಸ್, ಅವತ್ತು ಟಿವಿಯಲ್ಲಿ ಬಂದಿದ್ದರಲ್ಲ, ಅವರ ಊರಲ್ಲಿ ಬೋರ್ ಕೊರೆಸಿದರೆ ಎಷ್ಟು ಅಡಿಗೆ ನೀರು ಬೀಳುತ್ತೆ?" ಅಂತ ಕೇಳಿದಳು. ಆ ಬೇಸಿಗೆಯಲ್ಲಿ ಅವರ ಹೊಲದಲ್ಲಿ ಕೊರೆಸಿದ ಬೋರ್ ಫೇಲ್ ಆಗಿತ್ತು. ಅವಳಿಗೆ ಅದು ಪುಸ್ತಕದ ಪ್ರಶ್ನೆ ಅಲ್ಲ, ಮನೆಯ ಪ್ರಶ್ನೆ. ಆದರೆ ಅದನ್ನು ಕೇಳಿ ಕಳಿಸೋಣ ಅಂದರೆ ಆ ಶಾಲೆಯ ಇಮೇಲ್ ಕೂಡ ನಮ್ಮ ಹತ್ತಿರ ಇರಲಿಲ್ಲ.

ಈ ವರ್ಷ ನಾನೇ ಏನಾದರೂ ಮಾಡಬೇಕು ಅಂತಿದ್ದೇನೆ. ಇಂಥ ಪ್ರಶ್ನೆ ಆ ಕಡೆಯ ಮಕ್ಕಳಿಗೆ ಮುಟ್ಟಬೇಕು, ಅವರದೂ ನಮಗೆ ಬರಬೇಕು. ಸ್ಮಾರ್ಟ್ ಕ್ಲಾಸ್ ಟಿವಿ ಇದೆ. ಇಂಟರ್ನೆಟ್ ಅಂದರೆ ನನ್ನ ಫೋನಿನ ಹಾಟ್‌ಸ್ಪಾಟ್. ಕರೆಂಟ್ ಯಾವಾಗ ಹೋಗುತ್ತದೆ ಅಂತ ಹೇಳಲು ಆಗಲ್ಲ. ಮಕ್ಕಳಿಗೆ ಇಂಗ್ಲಿಷ್ ಅಂದರೆ ಭಯ. ಇಷ್ಟರಲ್ಲಿ ಆಗುವ ಕೆಲಸವಾ ಇದು? ಆ ಕಡೆಯ ಟೀಚರ್ ಸಿಗುವುದು ಎಲ್ಲಿ? ಮಾಡಿದ ಅನುಭವ ಇರುವವರು ದಯವಿಟ್ಟು ಬರೆಯಿರಿ.

ಚಳ್ಳಕೆರೆ ಇಂಗ್ಲಿಷ್ ಮೇಷ್ಟ್ರು

ಮೇಡಂ, ಖಂಡಿತ ಆಗುವ ಕೆಲಸ. ನಿಮ್ಮ ಪ್ರಾಜೆಕ್ಟ್ ಆ ಹುಡುಗಿಯ ಬಾಯಲ್ಲೇ ಬಂದಿದೆ, ಬೇರೆ ಹುಡುಕಬೇಡಿ. "ನಮ್ಮ ಊರಿನ ನೀರು, ನಿಮ್ಮ ಊರಿನ ನೀರು." ಅಷ್ಟು ಸಾಕು.

ವಿಡಿಯೋ ಕಾಲನ್ನು ಕೊನೆಗೆ ಇಟ್ಟುಕೊಳ್ಳಿ. ಎಲ್ಲರೂ ಅದರಿಂದಲೇ ಶುರು ಮಾಡುತ್ತಾರೆ, ಅಲ್ಲೇ ನಿಂತು ಹೋಗುತ್ತಾರೆ. ಮೊದಲ ದಿನ ಎರಡು ಕಡೆಯ ಮಕ್ಕಳಿಗೂ ಪರಸ್ಪರ ಕೇಳಲು ಏನೂ ಇರುವುದಿಲ್ಲ. ಅದಕ್ಕೇ ಹಾಡು, ಕುಣಿತ, ನಿನಗೆ ಯಾವ ಬಣ್ಣ ಇಷ್ಟ. ಎರಡು ತಿಂಗಳು ಬರಹ, ಫೋಟೋ, ದನಿ ಕಳಿಸಿಕೊಂಡು ಆಮೇಲೆ ಕಾಲ್ ಮಾಡಿ ನೋಡಿ. ಆಗ ಮಾತು ನಿಲ್ಲಿಸುವುದೇ ಕಷ್ಟ.

ನಾನು ಇಂಡೋನೇಷ್ಯಾದ ಜಾವಾ ದ್ವೀಪದ ಒಂದು ಶಾಲೆಯ ಟೀಚರ್ ಜೊತೆ ಶೇಂಗಾದ ಮೇಲೆ ಮಾಡಿದ್ದೆ. ನಮ್ಮ ಚಳ್ಳಕೆರೆ ಕಡೆ ಶೇಂಗಾ ಬಿಟ್ಟು ಮಾತಿಲ್ಲ, ನಿಮಗೆ ಗೊತ್ತೇ ಇದೆ. ನಮ್ಮ ಒಬ್ಬ ಹುಡುಗ, ತರಗತಿಯಲ್ಲಿ ಬಾಯಿ ಬಿಡದವನು, ಹೊಲದಲ್ಲೇ ನಿಂತು ಕನ್ನಡದಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ. ಹೂವು ಉದುರಿದ ಮೇಲೆ ಅದರ ಬುಡದಿಂದ ಒಂದು ಎಳೆ ಹೊರಟು ಹೇಗೆ ಮಣ್ಣಿಗೆ ಇಳಿಯುತ್ತದೆ, ಕಾಯಿ ಒಳಗೇ ಹೇಗೆ ಕಟ್ಟುತ್ತದೆ, ಆ ಹೊತ್ತಿಗೆ ಮಳೆ ಬಾರದೆ ನೆಲ ಗಟ್ಟಿಯಾದರೆ ಏನಾಗುತ್ತದೆ, ಎಲ್ಲ ಹೇಳಿದ್ದ. ಒಂದು ಗಿಡ ಕಿತ್ತು, ಬೇರಿನ ಮಣ್ಣು ಕೊಡವಿ, ಎಳೆಯ ತುದಿಯನ್ನು ಬೆರಳಲ್ಲಿ ಹಿಡಿದು ತೋರಿಸಿದ ಫೋಟೋ ಕೂಡ ಇತ್ತು. ಆ ಕಡೆಯಿಂದ ಬಂದ ಉತ್ತರದಲ್ಲಿ ಬೇಯಿಸಿದ ತರಕಾರಿಯ ಮೇಲೆ ಶೇಂಗಾ ಅರೆದ ಸಾರು ಸುರಿದ ತಟ್ಟೆಯ ಚಿತ್ರ ಬಂತು. ಗಾಡೊ-ಗಾಡೊ ಅಂತಾರೆ ಅದಕ್ಕೆ. ಜೊತೆಗೆ ಆ ಹುಡುಗನಿಗೇ ಅಂತ ಬರೆದ ಪ್ರಶ್ನೆಗಳು ಬಂದವು. ಎಲ್ಲಾ ಅವನ ಹೆಸರಿಗೆ! ಉತ್ತರ ಕೊಡಬೇಕಲ್ಲ ಅಂತ ಇಂಗ್ಲಿಷ್ ಪೀರಿಯಡ್ಡಿಗೆ ಮುಂಚೆಯೇ ಬಂದು ಕೂರುತ್ತಿದ್ದ. ಅವರಿಗೆ ಡಿಸೆಂಬರ್, ಜನವರಿಯಲ್ಲಿ ಜೋರು ಮಳೆ, ನಮಗೆ ಆಗ ಒಣ ಹವೆ. ಮಳೆಗಾಲ ಅಂದರೆ ಎಲ್ಲ ಕಡೆ ಜೂನಿನಿಂದಲೇ ಶುರು ಅಂದುಕೊಂಡಿದ್ದ ಮಕ್ಕಳು ಭೂಗೋಳದ ಪುಸ್ತಕ ತೆಗೆದು ತಾವಾಗಿಯೇ ಹುಡುಕಿದರು.

ಭಾಷೆಗೆ ನಾನು ಮಾಡಿದ್ದು ಹೀಗೆ. ಮಕ್ಕಳು ಮೊದಲು ಕನ್ನಡದಲ್ಲೇ ಹೇಳಲಿ ಅಥವಾ ಬರೆಯಲಿ. ಚಿಕ್ಕ ಚಿಕ್ಕ ವಾಕ್ಯ. ಅದನ್ನು ಗೂಗಲ್ ಟ್ರಾನ್ಸ್‌ಲೇಟಿಗೆ ಹಾಕಿ. ಬಂದ ಇಂಗ್ಲಿಷನ್ನು ನಾಲ್ಕೈದು ಮಕ್ಕಳ ಗುಂಪು ಕೂತು ಓದಿ, ತಪ್ಪು ಕಂಡಲ್ಲಿ ತಿದ್ದಲಿ. ಕೊನೆಗೆ ನೀವು ಅಥವಾ ನಿಮ್ಮ ಇಂಗ್ಲಿಷ್ ಟೀಚರ್ ಒಮ್ಮೆ ನೋಡಿ. ಕನ್ನಡದ ದನಿಯನ್ನೂ ಜೊತೆಗೇ ಕಳಿಸಿ. ಆ ಕಡೆಯ ಮಕ್ಕಳೂ ನಮ್ಮ ಹಾಗೆಯೇ ಇಂಗ್ಲಿಷ್ ಕಲಿಯುತ್ತಿರುವವರು ಅಂತ ಗೊತ್ತಾದ ಕೂಡಲೇ ಅರ್ಧ ಭಯ ಹೋಗುತ್ತದೆ.

ಈ ಕೆಲಸ ಹೊಸದೇನೂ ಅಲ್ಲ. 1988ರಲ್ಲಿ, ಅಮೆರಿಕ ಮತ್ತು ಸೋವಿಯತ್ ರಷ್ಯಾ ಇನ್ನೂ ಎದುರು ಬದುರು ನಿಂತಿದ್ದ ಕಾಲದಲ್ಲಿ, ನ್ಯೂಯಾರ್ಕ್ ಮತ್ತು ಮಾಸ್ಕೋದ ಶಾಲೆಗಳನ್ನು ಕಂಪ್ಯೂಟರ್ ಮೂಲಕ ಜೋಡಿಸಿದ್ದರು. ಅದೇ ಬೆಳೆದು ಐಅರ್ನ್ ಅನ್ನುವ ಜಾಲ ಆಯಿತು. ಭಾರತದಲ್ಲೂ ಅದರ ಶಾಖೆ ಇದೆ. ಅಲ್ಲಿ ಲರ್ನಿಂಗ್ ಸರ್ಕಲ್ ಅಂತ ಒಂದು ಪದ್ಧತಿ ಇದೆ, ನನಗೆ ತುಂಬಾ ಹಿಡಿಸಿದ್ದು ಅದು. ಬೇರೆ ಬೇರೆ ದೇಶದ ಕೆಲವೇ ತರಗತಿಗಳ ಒಂದು ಗುಂಪು. ಪ್ರತಿ ತರಗತಿಯೂ ತನ್ನದೊಂದು ಪ್ರಶ್ನೆ ಇಡುತ್ತದೆ, ಉಳಿದವರೆಲ್ಲ ಅದಕ್ಕೆ ತಮ್ಮ ಊರಿನ ಉತ್ತರ ಕಳಿಸಬೇಕು. ಬಂದದ್ದನ್ನೆಲ್ಲ ಸೇರಿಸಿ ಪ್ರಶ್ನೆ ಕೇಳಿದ ತರಗತಿಯೇ ಒಂದು ಪುಸ್ತಿಕೆ ಮಾಡುತ್ತದೆ. ಯಾರೂ ಸುಮ್ನೆ ನೋಡುತ್ತಾ ಕೂರುವ ಹಾಗಿಲ್ಲ. ಇಟ್ವಿನ್ನಿಂಗ್ ಅಂತ ಇನ್ನೊಂದು ಇದೆ, 2005ರಿಂದ ನಡೆಯುತ್ತಿದೆ. ಒಳ್ಳೆಯದೇ, ಆದರೆ ಅದು ಯುರೋಪಿನ ಶಾಲೆಗಳಿಗೆ ಅಂತ ಮಾಡಿದ್ದು.

ಯಾವುದೇ ಒಂದು ಆ್ಯಪ್ ನಂಬಿ ಕೂರಬೇಡಿ. ಶಾಲೆಗಳು ತುಂಬಾ ಬಳಸುತ್ತಿದ್ದ ಫ್ಲಿಪ್ ಅನ್ನುವ ವಿಡಿಯೋ ಆ್ಯಪ್ 2024ರಲ್ಲಿ ಪ್ರತ್ಯೇಕ ಆ್ಯಪ್ ಆಗಿ ನಿಂತುಹೋಯಿತು. 2025ರ ಮೇ ತಿಂಗಳಲ್ಲಿ ಸ್ಕೈಪ್ ಕೂಡ ಮುಚ್ಚಿತು. ಇಬ್ಬರು ಟೀಚರ್‌ಗಳ ನಡುವೆ ಇಮೇಲ್ ಮತ್ತು ನಂಬಿಕೆ ಇದ್ದರೆ ಆ್ಯಪ್ ಬದಲಾದರೂ ಕೆಲಸ ನಿಲ್ಲುವುದಿಲ್ಲ. ಮಕ್ಕಳು ಕಳಿಸಿದ್ದು, ಅವರಿಗೆ ಬಂದದ್ದು ಎಲ್ಲದರ ಒಂದು ಪ್ರತಿ ಶಾಲೆಯಲ್ಲೇ ಪೆನ್ ಡ್ರೈವಿನಲ್ಲಿ ಇರಲಿ.

ಜೊತೆಗಾರರನ್ನು ಹುಡುಕುವಾಗ ಕೀನ್ಯಾದ ಪೂರ್ವ ಭಾಗ ನೋಡಿ. ಕಿಟುಯಿ, ಮಚಾಕೋಸ್ ಕಡೆ ನಮ್ಮ ಹಾಗೆಯೇ ಒಣ ಪ್ರದೇಶ. ಅಲ್ಲಿ ಬೇಸಿಗೆಯಲ್ಲಿ ಒಣಗುವ ಹಳ್ಳಗಳಿಗೆ ಅಡ್ಡವಾಗಿ ಗೋಡೆ ಕಟ್ಟುತ್ತಾರೆ. ಮಳೆಯಲ್ಲಿ ಮರಳು ಬಂದು ಅದರ ಹಿಂದೆ ತುಂಬಿಕೊಳ್ಳುತ್ತದೆ. ನೀರು ಆ ಮರಳಿನೊಳಗೆ ನಿಲ್ಲುತ್ತದೆ, ಬಿಸಿಲಿಗೆ ಬೇಗ ಆರುವುದಿಲ್ಲ. ನಮ್ಮಲ್ಲಿ ಹಳ್ಳದ ಮರಳು ಹೊತ್ತು ಸಾಗಿಸಿದ್ದನ್ನು ನೋಡಿದ ಮಕ್ಕಳಿಗೆ ಅದಕ್ಕಿಂತ ದೊಡ್ಡ ಪಾಠ ಬೇಕಾ ಮೇಡಂ? ಸಮಯವೂ ಹೊಂದುತ್ತದೆ. ಅವರಿಗೆ ಬೆಳಿಗ್ಗೆ 8:30 ಆದಾಗ ನಮಗೆ 11. ಅಮೆರಿಕದ ಶಾಲೆ ಆದರೆ ನಮ್ಮ ಹಗಲು ಅವರ ರಾತ್ರಿ, ಒಟ್ಟಿಗೆ ಮಾತಾಡಲು ಆಗುವುದೇ ಇಲ್ಲ.

ಹೊಳಲ್ಕೆರೆ ಸಮಾಜ ವಿಜ್ಞಾನ

ಸರ್, ನಿಮ್ಮ ಉತ್ಸಾಹಕ್ಕೆ ಗೌರವ ಇದೆ. ಆದರೆ ಎರಡು ಮಾತು. ಒಂದು, ಹತ್ತನೇ ತರಗತಿಗೆ ಪಾಠ ಮುಗಿಸುವುದೇ ದೊಡ್ಡ ಪಾಡು. ಫಲಿತಾಂಶ ಕಡಿಮೆ ಬಂದರೆ ಕೇಳುವುದು ನಮ್ಮನ್ನೇ. ಇದಕ್ಕೆ ಪೀರಿಯಡ್ ಎಲ್ಲಿಂದ ತರೋದು?

ಇನ್ನೊಂದು ನನ್ನ ಮನಸ್ಸಿಗೆ ಜಾಸ್ತಿ ಕಾಡುವುದು. ಇಂಥ ಕಾರ್ಯಕ್ರಮಗಳಲ್ಲಿ ಶ್ರೀಮಂತ ದೇಶದ ಮಕ್ಕಳು ಕೊಡುವವರು, ನಮ್ಮ ಮಕ್ಕಳು ತೆಗೆದುಕೊಳ್ಳುವವರು ಅನ್ನುವ ಹಾಗೆ ಆಗುತ್ತದೆ. ಅವರು ಪೆನ್ಸಿಲ್ ಬಾಕ್ಸ್ ಕಳಿಸುತ್ತಾರೆ, ನಾವು ಥ್ಯಾಂಕ್ಸ್ ಹೇಳುವ ವಿಡಿಯೋ ಕಳಿಸುತ್ತೇವೆ. ನಮ್ಮ ಮಕ್ಕಳನ್ನು ಪಾಪ ಅಂತ ನೋಡುವ ಕಣ್ಣಿನ ಮುಂದೆ ನಿಲ್ಲಿಸಲು ನನಗೆ ಇಷ್ಟ ಇಲ್ಲ.

ಚಳ್ಳಕೆರೆ ಇಂಗ್ಲಿಷ್ ಮೇಷ್ಟ್ರು

ಸರ್, ನಿಮ್ಮ ಎರಡನೇ ಮಾತು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಶೇಂಗಾ, ನೀರು, ಮಳೆ ಅಂತ ಹೇಳಿದ್ದು. ಆ ವಿಷಯದಲ್ಲಿ ನಮ್ಮ ಮಕ್ಕಳೇ ತಿಳಿದವರು. ವಸ್ತು ಕಳಿಸುವುದು ಬೇಡ ಅಂತ ಮೊದಲ ಇಮೇಲಿನಲ್ಲೇ ಆ ಕಡೆಯ ಟೀಚರ್‌ಗೆ ಸ್ಪಷ್ಟವಾಗಿ ಬರೆಯಬೇಕು. ನಮಗೂ ಅವರಿಗೂ ಒಂದೇ ಕಷ್ಟ ಇರುವ ಕಡೆ ಜೊತೆಗಾರರನ್ನು ಹುಡುಕಿದರೆ ಈ ತೊಂದರೆ ಬಹಳ ಕಡಿಮೆ. ಕೀನ್ಯಾ ಅಂದಿದ್ದು ಅದಕ್ಕೂ ಸೇರಿ.

ಹೇಳಲು ನಮ್ಮ ಹತ್ತಿರ ಏನು ಕಡಿಮೆ ಇದೆ? ಮಾರಿಕಣಿವೆ 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ! ಆವತ್ತು ನೋಡಲು ಹೋದ ಮಕ್ಕಳು ನಿಮ್ಮ ತರಗತಿಯಲ್ಲೂ ಇರುತ್ತಾರೆ. ಚನ್ನಗಿರಿಯ ಸೂಳೆಕೆರೆ ನೂರಾರು ವರ್ಷದಿಂದ ನೀರು ಕೊಡುತ್ತಿದೆ. ಇದನ್ನು ಕೇಳಿದ ಯಾವ ದೇಶದ ಮಗುವೂ ಪಾಪ ಅನ್ನುವುದಿಲ್ಲ, ಅದು ಹೇಗೆ ಕಟ್ಟಿದರು ಅಂತ ಕೇಳುತ್ತದೆ.

ಪೀರಿಯಡ್ ವಿಷಯ. ಹತ್ತನೇ ತರಗತಿ ಬಿಡಿ. ಎಂಟು ಅಥವಾ ಒಂಬತ್ತು ತೆಗೆದುಕೊಳ್ಳಿ. ಪಾಠದ ಹೊರಗೆ ಇದನ್ನು ಇಡಬೇಡಿ, ಪಾಠದ ಒಳಗೇ ತನ್ನಿ. ಪತ್ರ ಬರೆಯುವುದು ಹೇಗೂ ಇಂಗ್ಲಿಷಿನಲ್ಲಿ ಇದೆ. ಗ್ರಾಫ್ ಗಣಿತದಲ್ಲಿ ಇದೆ. ಅಂತರ್ಜಲ, ಮಳೆ ನಿಮ್ಮಲ್ಲೂ ವಿಜ್ಞಾನದಲ್ಲೂ ಇದೆ.

ದಾವಣಗೆರೆ ಗಣಿತ ಟೀಚರ್

ಗಣಿತದ ಮಾತು ಬಂತು ಅಂತ ನಾನೂ ಸೇರಿಕೊಳ್ಳುತ್ತೇನೆ. ಇಂಟರ್ನೆಟ್ ತುಂಬಾ ಕಡಿಮೆ ಬೇಕಾಗುವ, ಆದರೆ ಇನ್ನೊಂದು ದೇಶದ ಶಾಲೆ ಇಲ್ಲದೆ ಆಗದ ಒಂದು ಕೆಲಸ ಹೇಳುತ್ತೇನೆ. ಭೂಮಿಯ ಸುತ್ತಳತೆ ಅಳೆಯುವುದು. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನ ಎರಡು ಊರುಗಳ ನೆರಳಿನಿಂದ ಲೆಕ್ಕ ಹಾಕಿದನಲ್ಲ, ಅದೇ.

ಅಟ್ಲಾಸ್ ತೆಗೆದು ದಾವಣಗೆರೆಯಿಂದ ನೇರ ಉತ್ತರಕ್ಕೆ ಗೆರೆ ಎಳೆಯಿರಿ. ದೆಹಲಿಗೆ ಸ್ವಲ್ಪ ಪಶ್ಚಿಮದಲ್ಲಿ ಹಾದು, ಹಿಮಾಲಯ ದಾಟಿ, ಕಜಕಿಸ್ತಾನದ ಅಲ್ಮಾಟಿ ಹತ್ತಿರ ಹೋಗುತ್ತದೆ. ನಾವು ಸುಮಾರು 76 ಡಿಗ್ರಿ ರೇಖಾಂಶ, ಅವರು 77. ಅವರ ಗಡಿಯಾರ ನಮ್ಮದಕ್ಕಿಂತ ಬರೀ ಅರ್ಧ ಗಂಟೆ ಹಿಂದೆ! ಎರಡೂ ಕಡೆ ಮಕ್ಕಳು ಶಾಲೆಯಲ್ಲೇ ಇರುವ ಹೊತ್ತಿಗೆ ಎರಡೂ ಕಡೆ ನೆತ್ತಿಯ ಬಿಸಿಲು.

ಮೈದಾನದಲ್ಲಿ ಒಂದು ಮೀಟರ್ ಕೋಲನ್ನು ತೂಗುಗುಂಡು ಹಿಡಿದು ನೆಟ್ಟಗೆ ನಿಲ್ಲಿಸಿ. ಮಧ್ಯಾಹ್ನ 12ರಿಂದ ಐದೈದು ನಿಮಿಷಕ್ಕೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಿ. ಅತಿ ಚಿಕ್ಕ ನೆರಳು ಬಿದ್ದಾಗ ಅದೇ ನಮ್ಮ ಊರಿನ ನಿಜವಾದ ಮಧ್ಯಾಹ್ನ. ಗಡಿಯಾರದ 12ಕ್ಕೆ ಅದು ಆಗುವುದಿಲ್ಲ. ನಮ್ಮ ಗಡಿಯಾರ 82.5 ಡಿಗ್ರಿ ರೇಖಾಂಶದ್ದು, ನಾವು ಅದಕ್ಕಿಂತ ಪಶ್ಚಿಮದಲ್ಲಿದ್ದೇವೆ. ಸೆಪ್ಟೆಂಬರ್ ಕೊನೆಯ ಭಾಗದಲ್ಲಿ ನಮಗೆ ಸುಮಾರು 12:20ಕ್ಕೆ ಆಗುತ್ತದೆ. ಮಕ್ಕಳು ಬಿಸಿಲಲ್ಲಿ ಮೊಣಕಾಲೂರಿ ಕೂತು, ನೆರಳು ಸಣ್ಣದಾಗುತ್ತಾ ಬಂದು ಮತ್ತೆ ಉದ್ದ ಆಗಲು ಶುರುವಾದದ್ದನ್ನು ಸೀಮೆಸುಣ್ಣದ ಚುಕ್ಕೆಗಳಲ್ಲಿ ಕಂಡಾಗ ಕಿರುಚುತ್ತಾರೆ. ಆ ಪಾಠ ಮರೆಯುವುದಿಲ್ಲ.

ಸೆಪ್ಟೆಂಬರ್ 22, 23ರ ಸುಮಾರಿಗೆ ನಮ್ಮಲ್ಲಿ ನೆರಳು 26 ಸೆಂಟಿಮೀಟರ್ ಹತ್ತಿರ ಬರುತ್ತದೆ. ಅಲ್ಮಾಟಿಯಲ್ಲಿ 94. ಕೋಲಿಗೂ ಬಿಸಿಲಿನ ಕಿರಣಕ್ಕೂ ನಡುವಿನ ಕೋನ ಲೆಕ್ಕ ಹಾಕಿದರೆ ನಮ್ಮದು ಸುಮಾರು 14.5 ಡಿಗ್ರಿ, ಅವರದು 43.2. ವ್ಯತ್ಯಾಸ 29ಕ್ಕೆ ಸ್ವಲ್ಪ ಕಡಿಮೆ. ಎರಡು ಊರಿನ ನಡುವೆ ನೇರ ದೂರ ಸುಮಾರು 3,200 ಕಿಲೋಮೀಟರ್. 360 ಡಿಗ್ರಿಗೆ ಎಷ್ಟು ಅಂತ ಮಕ್ಕಳೇ ಗುಣಿಸಲಿ, 40,000 ಕಿಲೋಮೀಟರ್ ಹತ್ತಿರ ಬರುತ್ತದೆ. ತ್ರಿಕೋನಮಿತಿ ಇನ್ನೂ ಬಾರದ ಮಕ್ಕಳು ಕಾಗದದ ಮೇಲೆ ಚಿತ್ರ ಬರೆದು ಕೋನಮಾಪಕದಲ್ಲಿ ಅಳೆದರೂ ಆಯಿತು.

ಮೋಡ ಇದ್ದರೆ ಏನು ಅಂತ ಹೆದರಬೇಡಿ. ಎರಡೂ ಶಾಲೆ ಒಂದೇ ದಿನ ಅಳೆದರೆ ಸಾಕು, ಎರಡೂ ಕಡೆ ನೆರಳು ಉತ್ತರಕ್ಕೇ ಬೀಳುವ ಯಾವ ದಿನವಾದರೂ ಕೋನಗಳ ವ್ಯತ್ಯಾಸ ಅಷ್ಟೇ ಇರುತ್ತದೆ. ನಮಗೆ ಮಳೆ ನಿಂತ ನವೆಂಬರ್ ಇನ್ನೂ ಒಳ್ಳೆಯದು. ಮಾರ್ಚ್ 21ರ ಆಸುಪಾಸು ಅವರಿಗೆ ನೌರಿಜ್ ಹಬ್ಬದ ರಜೆ, ಅದನ್ನು ಬಿಡಿ.

ಹೊಸದುರ್ಗ ಸಿಆರ್‌ಪಿ

ಅನುಮತಿ ಮತ್ತು ಮಕ್ಕಳ ಸುರಕ್ಷತೆ ಬಗ್ಗೆ ಯಾರೂ ಬರೆದಿಲ್ಲ, ಅದಕ್ಕೆ ನಾನು ಹೇಳುತ್ತೇನೆ.

ಮೊದಲು ಎಚ್.ಎಂ. (ಮುಖ್ಯ ಶಿಕ್ಷಕರು) ಅವರಿಗೆ ಬರವಣಿಗೆಯಲ್ಲಿ ಕೊಡಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ವಿಷಯ ಇಟ್ಟು ನಡಾವಳಿಯಲ್ಲಿ ಬರೆಸಿ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಒಂದು ಪ್ರತಿ ಹೋಗಲಿ. ಪೋಷಕರ ಒಪ್ಪಿಗೆ ಪತ್ರ ಕನ್ನಡದಲ್ಲೇ ಇರಲಿ, ಓದಲು ಬಾರದವರಿಗೆ ಕೂರಿಸಿಕೊಂಡು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ 18 ವರ್ಷದೊಳಗಿನವರೆಲ್ಲ ಮಕ್ಕಳೇ. ಅವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕು.

ಮಕ್ಕಳ ಸ್ವಂತ ಫೋನ್ ನಂಬರ್, ಇನ್‌ಸ್ಟಾಗ್ರಾಂ ಯಾವುದೂ ಆ ಕಡೆ ಹೋಗಬಾರದು. ಶಾಲೆಯ ಒಂದೇ ಇಮೇಲ್, ಅದನ್ನು ತೆರೆಯುವುದು ಟೀಚರ್ ಮಾತ್ರ. ಪತ್ರದಲ್ಲಿ ಮೊದಲ ಹೆಸರು ಸಾಕು, ಮನೆ ವಿಳಾಸ ಬೇಡ. ಮುಖ ಕಾಣದ ಫೋಟೋಗಳಲ್ಲೇ ಬೇಕಾದಷ್ಟು ಹೇಳಬಹುದು. ಮೇಷ್ಟ್ರು ಹೇಳಿದ ಶೇಂಗಾ ಗಿಡದ ಫೋಟೋದಲ್ಲಿ ಬೆರಳು ಕಂಡರೆ ಸಾಕಲ್ವಾ?

ಜಗಳೂರು ವಿಜ್ಞಾನ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಎಚ್.ಎಂ. ಸರ್ ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ ಕೊಡಲು ಒಪ್ಪಿದ್ದಾರೆ. ಒಂಬತ್ತನೇ ತರಗತಿ ಮಾತ್ರ ತೆಗೆದುಕೊಳ್ಳುತ್ತೇನೆ.

ಮಳೆ ಅಳೆಯುವುದೂ ಸೇರಿಸಬೇಕು ಅಂತಿದ್ದೇನೆ. ನಾಸಾ ಬೆಂಬಲದ ಗ್ಲೋಬ್ ಅನ್ನುವ ಕಾರ್ಯಕ್ರಮ 1995ರಿಂದ ನಡೆಯುತ್ತಿದೆ. ಅನೇಕ ದೇಶಗಳ ಶಾಲಾ ಮಕ್ಕಳು ಮಳೆ, ಮೋಡ, ಮಣ್ಣು ಅಳೆದು ಒಂದೇ ಕಡೆ ಹಾಕುತ್ತಾರೆ. ಭಾರತವೂ ಅದರಲ್ಲಿದೆ. ಅವರ ನಿಯಮದ ಪ್ರಕಾರ ಮಳೆ ಅಳೆಯುವ ಹೊತ್ತು ಊರಿನ ನಿಜವಾದ ಮಧ್ಯಾಹ್ನದ ಆಸುಪಾಸು. ಗಣಿತ ಮೇಡಂ ಹೇಳಿದ ಕೋಲಿನ ನೆರಳು ಅದಕ್ಕೂ ಆಯಿತು! ಮಳೆಮಾಪಕ ನಾವೇ ಮಾಡುತ್ತೇವೆ. ನೆಟ್ಟಗಿನ ಬಾಟಲಿಯ ಕತ್ತು ಕತ್ತರಿಸಿ ತಲೆಕೆಳಗಾಗಿ ಇಟ್ಟರೆ ಆಲಿಕೆ ಆಗುತ್ತದೆ. ತಳ ಸಮ ಇಲ್ಲದ ಕಾರಣ ಸಣ್ಣ ಕಲ್ಲು, ನೀರು ಹಾಕಿ ಸೊನ್ನೆ ಗುರುತು ಮಾಡಿ, ಪಕ್ಕಕ್ಕೆ ಸ್ಕೇಲ್ ಅಂಟಿಸುವುದು. ಗ್ರಾಮ ಪಂಚಾಯ್ತಿಯ ಮಳೆ ಮಾಪನ ಯಂತ್ರದ ಲೆಕ್ಕದ ಜೊತೆ ಹೋಲಿಸಿ ನೋಡಬಹುದು.

ಇನ್ನೊಂದು ಮಕ್ಕಳೇ ಹೇಳಿದ್ದು. ಮನೆಯಲ್ಲಿ ಅಜ್ಜ ಅಜ್ಜಿ ಮಳೆಯನ್ನು ತಾರೀಖಿನಿಂದ ಹೇಳುವುದಿಲ್ಲ, ಉತ್ತರೆ ಮಳೆ, ಹಸ್ತ ಮಳೆ, ಚಿತ್ತೆ ಮಳೆ ಅಂತಾರೆ. ಒಂದೊಂದು ಸುಮಾರು ಹದಿಮೂರು, ಹದಿನಾಲ್ಕು ದಿನ. ಪಟ್ಟಿಯಲ್ಲಿ ತಾರೀಖಿನ ಪಕ್ಕ ಈ ಹೆಸರನ್ನೂ ಬರೆಯೋಣ ಅಂದರು. ಕೀನ್ಯಾದಲ್ಲಿ ಮಾರ್ಚ್‌ನಿಂದ ಮೇವರೆಗಿನದು ದೊಡ್ಡ ಮಳೆ, ಅಕ್ಟೋಬರಿನಿಂದ ಡಿಸೆಂಬರಿನದು ಸಣ್ಣ ಮಳೆ ಅಂತ ಓದಿದೆ. ಅವರ ಅಜ್ಜ ಅಜ್ಜಿ ಏನು ಹೇಳುತ್ತಾರೆ ಅಂತ ಕೇಳಬೇಕಂತೆ.

ಮೊದಲ ಪತ್ರದ ಕನ್ನಡ ಕರಡು ಇದು. ನಾಲ್ಕು ಗುಂಪಿನ ಮಕ್ಕಳು ಸೇರಿ ಬರೆದದ್ದು. ತಿದ್ದಿ ಕೊಡಿ:

"ನಮಸ್ಕಾರ. ನಾವು ಭಾರತದ ಕರ್ನಾಟಕದ ದಾವಣಗೆರೆ ಜಿಲ್ಲೆಯವರು. ನಮ್ಮ ಊರಲ್ಲಿ ನದಿ ಇಲ್ಲ. ಕೆರೆ ಇದೆ, ಎಲ್ಲಾ ವರ್ಷ ತುಂಬುವುದಿಲ್ಲ. ಬೋರ್ 700 ಅಡಿ ಕೊರೆದರೂ ಕೆಲವು ಸಲ ನೀರು ಬೀಳುವುದಿಲ್ಲ. ಮಳೆ ಚೆನ್ನಾಗಿ ಬಂದ ವರ್ಷ ಮೆಕ್ಕೆಜೋಳ ನಮಗಿಂತ ಎತ್ತರ ಬೆಳೆಯುತ್ತದೆ. ನಿಮ್ಮ ಊರಲ್ಲಿ ಕುಡಿಯುವ ನೀರು ಎಲ್ಲಿಂದ ಬರುತ್ತದೆ? ಯಾರು ತರುತ್ತಾರೆ? ಮರಳಿನೊಳಗೆ ನೀರು ನಿಲ್ಲಿಸುತ್ತಾರಂತೆ, ಅದರ ಗೋಡೆ ಕಟ್ಟಿದವರು ಯಾರು? ನಾವೂ ನಮ್ಮ ಹಳ್ಳದಲ್ಲಿ ಕಟ್ಟಬಹುದಾ?"

ಚಳ್ಳಕೆರೆ ಇಂಗ್ಲಿಷ್ ಮೇಷ್ಟ್ರು

ತಿದ್ದುವುದು ಏನೂ ಇಲ್ಲ ಮೇಡಂ, ಮಕ್ಕಳ ಮಾತು ಹಾಗೇ ಇರಲಿ. ಅಡಿಯ ಪಕ್ಕ ಮೀಟರ್ ಕೂಡ ಬರೆಸಿ, ಕೀನ್ಯಾದವರು ಮೀಟರಿನಲ್ಲೇ ಕಲಿಯುವುದು. 700 ಅಡಿ ಅಂದರೆ ಸುಮಾರು 213 ಮೀಟರ್. ಅವರ ಶಾಲಾ ವರ್ಷ ಜನವರಿಗೆ ಶುರು, ಏಪ್ರಿಲ್ ಮತ್ತು ಆಗಸ್ಟ್‌ನಲ್ಲಿ ರಜೆ, ನವೆಂಬರ್ ಹೊತ್ತಿಗೆ ವರ್ಷ ಮುಗಿಯುತ್ತದೆ. ನಮಗೆ ದಸರಾ ರಜೆ ಬೇರೆ ಇದೆ. ಹಾಗಾಗಿ ಜೊತೆಗಾರ ಟೀಚರ್ ಸಿಕ್ಕ ಕೂಡಲೇ ಇಬ್ಬರೂ ರಜೆಯ ಪಟ್ಟಿ ಬದಲಾಯಿಸಿಕೊಳ್ಳಿ. ಐಅರ್ನ್‌ನಲ್ಲಿ ಹೆಸರು ನೋಂದಾಯಿಸುವಾಗ ಏನಾದರೂ ತೊಡಕು ಬಂದರೆ ಇಲ್ಲೇ ಬರೆಯಿರಿ, ಸಂಜೆ ಹೊತ್ತು ನೋಡುತ್ತಿರುತ್ತೇನೆ.